ಬದಿಯಡ್ಕದ ಬುಟ್ಟಿ ಅಂಗಡಿಯ ಐರಿಷ್ ಗೂಡು: ಕೋಳಿ ಹಿಡಿಯಲು ತಗೊಳ್ಳಬಹುದಾ?

ತಗೊಳ್ಳಬಹುದು. ಇದು ಕಡ್ಡಿ ಅಟ್ಟಿ ಮಾಡಿದ, ಒಂದು ಬದಿ ಎತ್ತಿ ನಿಲ್ಲಿಸಿ ಕೆಳಗೆ ಬಂದ ಕೋಳಿಯ ಮೇಲೆ ಬೀಳಿಸುವ ಗೂಡು. ಆದರೆ ಅದನ್ನು ಎತ್ತಿ ನಿಲ್ಲಿಸಲು ಜೊತೆಗೆ ಕೊಡುವ ಕವಲು ಕಡ್ಡಿಯನ್ನು ಒಲೆಗೆ ಹಾಕಿ, ಬದಲಿಗೆ ಒಂದು ನೇರ ಕೋಲಿಗೆ ಉದ್ದದ ಹಗ್ಗ ಕಟ್ಟಿಕೊಳ್ಳಿ. ಅವಸರದಲ್ಲಿ ಇರುವವರು ಇಷ್ಟು ಓದಿ ಹೋಗಬಹುದು. ಯಾಕೆ ಅಂತ ಬೇಕಾದವರಿಗೆ ಮುಂದೆ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿದೆ.

ಇದು ಊರುಕೋಳಿ ಸಾಕುವವರಿಗೆ ಮಾತ್ರ. ಫಾರಂ ಕೋಳಿಯವರಿಗೆ ಇದರ ಅಗತ್ಯವೇ ಇಲ್ಲ, ಅವು ಕೈ ಹಾಕಿದರೂ ಕೂತಲ್ಲೇ ಕೂತಿರುತ್ತವೆ. ಊರುಕೋಳಿಗಳ ಕಥೆ ಬೇರೆ. ಹಗಲಿಡೀ ಅಡಿಕೆ ತೋಟದಲ್ಲಿ ಕೆದಕುತ್ತವೆ, ಸಂಜೆಯಾದರೆ ಮಲಗುವ ಗೂಡಿಗೆ ಬರುವ ಬದಲು ಹಲಸಿನ ಮರ ಹತ್ತುತ್ತವೆ. ಗೂಡಿನಲ್ಲಿ ಮಲಗುವ ಕೋಳಿಯಾದರೆ ರಾತ್ರಿ ಹೋಗಿ ಸುಮ್ನೆ ಎತ್ತಿಕೊಂಡು ಬರಬಹುದು, ಕತ್ತಲಲ್ಲಿ ಅದಕ್ಕೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಹಲಸಿನ ತುದಿಕೊಂಬೆಯಲ್ಲಿ ಕೂತದ್ದನ್ನು ಯಾರು ಎತ್ತುತ್ತಾರೆ?

ಸಾರಿಗೆ ಒಂದು ಬೇಕು ಅಂದರೆ ಹೇಗೋ ಓಡಿಸಿ ಹಿಡಿಯಬಹುದು. ಕಷ್ಟ ಆಗುವುದು ಲಸಿಕೆಯ ದಿನ. ಕೊಕ್ಕರೆ ರೋಗ, ಅದೇ ರಾಣಿಖೇತ್, ಬಂತೆಂದರೆ ಹಟ್ಟಿಯೇ ಖಾಲಿಯಾಗುತ್ತದೆ. ಅದಕ್ಕೆ ಎಂಟು ವಾರದ ಆಸುಪಾಸಿನಲ್ಲಿ ಕೊಡುವ ಆರ್‌2ಬಿ ಲಸಿಕೆಯನ್ನು ಸೂಜಿಯಲ್ಲೇ ಕೊಡಬೇಕು, ನೀರಿನಲ್ಲಿ ಬೆರೆಸಿ ಇಟ್ಟರೆ ಆಗುವುದಿಲ್ಲ. ಲಸಿಕೆ ಪುಡಿಯಾಗಿ ಬರುತ್ತದೆ. ಕಲಸಿದ ಮೇಲೆ ಐಸ್‌ನಲ್ಲಿ ಇಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಉಳಿದದ್ದು ಚೆಲ್ಲುವುದೇ. ಒಂದು ಬಾಟಲಿ ಒಂದು ಮನೆಯ ಕೋಳಿಗಳಿಗೆ ಜಾಸ್ತಿ ಆಗುವುದರಿಂದ ನೆರೆಕರೆಯವರೆಲ್ಲ ಸೇರಿ ತರುತ್ತೇವೆ. ಹಾಗಾಗಿ ಲಸಿಕೆ ಕೊಡುವವರು ಸೂಜಿ ಹಿಡಿದು ಅಂಗಳದಲ್ಲಿ ನಿಂತಿರುವಾಗ ಕೋಳಿ ಕೈಯಲ್ಲಿ ಇರಬೇಕು, ತೋಟದ ಕೊನೆಯ ತೋಡಿನ ಬದಿಯಲ್ಲಿ ಅಲ್ಲ. ನಮ್ಮ ಮನೆಯಲ್ಲಿ ಅವತ್ತು ನಾನು ಒಂದು ಕಡೆ, ನಮ್ಮ ಮನೆಯವರು ಇನ್ನೊಂದು ಕಡೆ, ನಡುವೆ ಪಕ್ಕದ ಮನೆಯ ಮಕ್ಕಳು. ಕೋಳಿಗೆ ಮಾತ್ರ ಒಳ್ಳೇ ವ್ಯಾಯಾಮ.

ಇದಕ್ಕೆ ಐರ್ಲೆಂಡ್ ಎಲ್ಲಿಂದ ಬಂತು ಅಂತ ಕೇಳಬಹುದು. ನೆರೆಮನೆಯ ಹುಡುಗಿ ಅಲ್ಲಿ ನರ್ಸ್. (ಕಾಸರಗೋಡಿನಲ್ಲಿ ಯಾವ ಬಸ್ ಹತ್ತಿದರೂ ಮಗಳು ಐರ್ಲೆಂಡ್‌ನಲ್ಲಿ ಅನ್ನುವ ಒಬ್ಬ ತಾಯಿ ಸಿಗುತ್ತಾರೆ, ಅದಿರಲಿ.) ಅವಳಿರುವುದು ಪಶ್ಚಿಮದ ಮೇಯೋ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಕ್ಯಾಸಲ್‌ಬಾರ್ ಊರಿನ ಹತ್ತಿರ. ನಮ್ಮ ಈ ಓಟವನ್ನು ವೀಡಿಯೋ ಕಾಲ್‌ನಲ್ಲಿ ನೋಡಿ ನಕ್ಕಳು. ಆಮೇಲೆ, "ಟೀಚರ್, ನಮ್ಮ ಮನೆ ಓನರ್ ಅಜ್ಜ ಚಿಕ್ಕಂದಿನಲ್ಲಿ ಹಕ್ಕಿ ಹಿಡಿಯುತ್ತಿದ್ದರಂತೆ, ಕೇಳಿ ನೋಡುತ್ತೇನೆ" ಅಂದಳು. ಅಜ್ಜ ಕೇಳಿದ್ದೇ ತಡ, ಹಿತ್ತಲಿನ ಹೇಝಲ್ ಗಿಡದಿಂದ ಕಡ್ಡಿ ಕಡಿದು ತಂದು, ಅವಳ ಫೋನಿನ ಎದುರೇ ಒಂದು ಗೂಡು ಮಾಡಿ ತೋರಿಸಿದರು. ಅಲ್ಲಿ ಇದಕ್ಕೆ ಕ್ರಿಬ್ ಅನ್ನುತ್ತಾರೆ.

ಆ ವೀಡಿಯೋದಲ್ಲಿ ನನಗೆ ಹಿಡಿಸಿದ ಸಂಗತಿ ಅಂದರೆ, ಇದಕ್ಕೆ ಮೊಳೆ ಬೇಡ, ಅಂಟು ಬೇಡ, ಒಂದೊಂದು ಕಡ್ಡಿಗೂ ಕಟ್ಟು ಹಾಕುವ ಕೆಲಸವೂ ಇಲ್ಲ. ಅಜ್ಜ ಎರಡು ದಪ್ಪ ಕಡ್ಡಿಗಳನ್ನು ಎದುರುಬದುರಾಗಿ ಇಟ್ಟರು. ಎರಡೂ ಕಡ್ಡಿಗಳ ತುದಿಗಳನ್ನು ಸೇರಿಸಿ ಆ ಕಡೆ ಒಂದು, ಈ ಕಡೆ ಒಂದು ಹಗ್ಗ ಕಟ್ಟಿದರು. ಆಮೇಲೆ ಒಂದು ಕಡ್ಡಿಯನ್ನು ತಿರುಗಿಸಿ ಎಡತುದಿಯನ್ನು ಬಲಕ್ಕೆ ತಂದರು. ಈಗ ಹಗ್ಗಗಳು ನಡುವಿನಲ್ಲಿ ಕತ್ತರಿಯಾದವು. ಆ ಕತ್ತರಿಯ ಕೆಳಗೆ ಎರಡು ಕಡ್ಡಿ ಉದ್ದಕ್ಕೆ, ಅದರ ಮೇಲೆ ಎರಡು ಅಡ್ಡಕ್ಕೆ, ಸೌದೆ ಅಟ್ಟಿ ಇಡುವ ಹಾಗೆ ತೂರಿಸುತ್ತಾ ಹೋದರು. ಪ್ರತಿ ಸುತ್ತಿನ ಕಡ್ಡಿ ಹಿಂದಿನದಕ್ಕಿಂತ ಸ್ವಲ್ಪ ಗಿಡ್ಡ, ಸ್ವಲ್ಪ ಒಳಕ್ಕೆ. ಗೂಡು ಮೇಲೆ ಏರಿದಷ್ಟೂ ಹಗ್ಗ ಬಿಗಿಯಾಗುತ್ತದೆ, ಹಗ್ಗ ಬಿಗಿಯಾದಷ್ಟೂ ಕೆಳಗಿನ ಕಡ್ಡಿ ಅಲ್ಲಾಡುವುದಿಲ್ಲ. ಕೊನೆಗೆ ನೆತ್ತಿಯಲ್ಲಿ ಎರಡು ಗಿಡ್ಡ ಕಡ್ಡಿಗಳನ್ನು ಹೆಬ್ಬೆರಳಿನಿಂದ ಒತ್ತಿ ಸಿಕ್ಕಿಸಿದರು, ಟಕ್ ಅಂತ ಶಬ್ದ ಬಂತು. ಎತ್ತಿ ಅಲ್ಲಾಡಿಸಿ ತೋರಿಸಿದರು. ಒಂದು ಕಡ್ಡಿಯೂ ಜಾರಲಿಲ್ಲ. ಕಡ್ಡಿಗಳೆಲ್ಲ ಹಗ್ಗವನ್ನು ಮೇಲಕ್ಕೆ ದೂಡುತ್ತವೆ, ಹಗ್ಗ ಅವನ್ನೆಲ್ಲ ಕೆಳಕ್ಕೆ ಒತ್ತುತ್ತದೆ, ಅಷ್ಟರಲ್ಲೇ ಎಲ್ಲ ನಿಂತಿದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಬಲದ ಪಾಠ ಮಾಡುವಾಗ ಇದೊಂದು ಕೈಯಲ್ಲಿ ಇದ್ದಿದ್ದರೆ ಎಷ್ಟು ಚಾಕ್‌ಪೀಸ್ ಉಳಿಯುತ್ತಿತ್ತು ಅಂತ ಅನಿಸಿತು.

ಇದೇ ಗೂಡು ಬ್ರೆಜಿಲ್‌ನಲ್ಲೂ ಇದೆ, ಅಲ್ಲಿ ಹೆಸರು ಅರಾಪುಕಾ. ಅಲ್ಲಿನ ಭೌತವಿಜ್ಞಾನಿಗಳು ಬೆಳಕಿನ ಕಣ ಒಳಗೆ ಹೋದರೆ ಹೊರಗೆ ಬಾರದ ಹಾಗೆ ಹಿಡಿದಿಡುವ ಒಂದು ಉಪಕರಣ ಮಾಡಿ, ಅದಕ್ಕೂ ಅರಾಪುಕಾ ಅಂತಲೇ ಹೆಸರಿಟ್ಟಿದ್ದಾರೆ. ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳನ್ನು ಪತ್ತೆ ಮಾಡುವ ಅಮೆರಿಕದ ಡ್ಯೂನ್ ಪ್ರಯೋಗಕ್ಕೆ ಅದೇ ಉಪಕರಣ. ವಿಷಯಕ್ಕೆ ಇದು ಬೇಕಿರಲಿಲ್ಲ, ಆದರೆ ಹೇಳದೆ ಇರಲು ಆಗಲಿಲ್ಲ.

ಐರ್ಲೆಂಡ್‌ನಲ್ಲಿ ಈ ಕ್ರಿಬ್ ಹೊರಗೆ ಬರುತ್ತಿದ್ದದ್ದು ಹೆಚ್ಚಾಗಿ ಹಿಮ ಬಿದ್ದಾಗ. ನೆಲ ಗಟ್ಟಿಯಾದಾಗ ಅಲ್ಲಿನ ಬ್ಲ್ಯಾಕ್‌ಬರ್ಡ್, ಥ್ರಶ್ ಹಕ್ಕಿಗಳಿಗೆ ಎರೆಹುಳು ಸಿಗುವುದಿಲ್ಲ. ಹಸಿವು ತಡೆಯಲಾರದೆ ಮನೆಯ ಅಂಗಳಕ್ಕೇ ಬರುತ್ತವೆ. ಹುಡುಗರು ಹಿಮ ಗುಡಿಸಿ ಒಂದು ಚೂರು ಜಾಗ ಮಾಡಿ, ಓಟ್ಸ್ ಕಾಳೋ ಬ್ರೆಡ್ ಪುಡಿಯೋ ಚೆಲ್ಲಿ, ಮೇಲೆ ಕ್ರಿಬ್ ಎತ್ತಿ ನಿಲ್ಲಿಸಿ, ಬಾಗಿಲ ಸಂದಿಯಿಂದ ನೋಡುತ್ತಾ ಕೂರುತ್ತಿದ್ದರು. ಸಿಕ್ಕಿದ ಬ್ಲ್ಯಾಕ್‌ಬರ್ಡ್ ಪಾತ್ರೆಗೆ ಹೋಗುತ್ತಿತ್ತು, ಗೋಲ್ಡ್‌ಫಿಂಚ್ ಆದರೆ ಹಾಡಿಗಾಗಿ ಪಂಜರಕ್ಕೆ. ಬಡತನದ ಕಾಲ, ಮಾಂಸ ಅಪರೂಪ, ತಪ್ಪು ಅನ್ನಲು ನಾವು ಯಾರು.

ಟೀಚರ್ ಆದ ನನಗೆ ಇನ್ನೂ ಇಷ್ಟವಾದ ಸಂಗತಿ ಬೇರೆ. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಪ್ರಾಥಮಿಕ ಶಾಲೆಯ ದೊಡ್ಡ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತ್ತು. ಮನೆಯ ಹಿರಿಯರನ್ನು ಕೇಳಿ ಊರಿನ ಕಥೆ, ಮದ್ದು, ಆಟ, ಕಸುಬು ಎಲ್ಲ ಬರೆದು ತರುವುದು. 26 ಕೌಂಟಿಗಳ ಸುಮಾರು 5,000 ಶಾಲೆಗಳು, ಹತ್ತಿರ ಹತ್ತಿರ 50,000 ಮಕ್ಕಳು, ಕೊನೆಗೆ ಸೇರಿದ್ದು ಸುಮಾರು 7,40,000 ಪುಟ. ಅವೆಲ್ಲ ಈಗ ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನ ರಾಷ್ಟ್ರೀಯ ಜಾನಪದ ಸಂಗ್ರಹದಲ್ಲಿವೆ, ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಮನೆಯಲ್ಲೇ ಮಾಡುವ ಆಟದ ಸಾಮಾನಿನ ಪುಟಗಳಲ್ಲಿ ಈ ಕ್ರಿಬ್ ಕೂಡ ಬರುತ್ತದೆ. ಬರೆದದ್ದು ಮಕ್ಕಳು, ಎಷ್ಟೋ ಪುಟಗಳಲ್ಲಿ ಅಕ್ಷರವೂ ಅವರದ್ದೇ. ನಮ್ಮ ಕನ್ನಡ ಶಾಲೆಗಳಲ್ಲಿ ಇಂಥದ್ದೊಂದು ಆಗಬೇಕಿತ್ತು. ಗಡಿನಾಡಿನಲ್ಲಿ ಪ್ರಾಜೆಕ್ಟ್ ಅಂದರೆ ಥರ್ಮೋಕೋಲ್‌ಗೆ ಬಣ್ಣ ಹಚ್ಚುವುದು, ಅಲ್ವಾ?

ಸರಿ, ಅಂಗಡಿಗೆ ಬರುತ್ತೇನೆ.

ಬದಿಯಡ್ಕ ಪೇಟೆಯಲ್ಲಿ ಹೆಡಿಗೆ, ಗೆರಸೆ, ಹಿಡಿಸೂಡಿ, ಚಾಪೆ ಮಾರುವ ಸಣ್ಣ ಅಂಗಡಿ. ಬೋರ್ಡ್ ಇಲ್ಲ, ಹೆಡಿಗೆಗಳನ್ನು ಹೊರಗೆ ಒಂದರೊಳಗೆ ಒಂದು ಇಟ್ಟಿರುತ್ತಾರೆ, ಅದೇ ಗುರುತು. ತಾಯಿ ಹೆಣೆಯುವುದು, ಮಗ ವ್ಯಾಪಾರ ನೋಡಿಕೊಳ್ಳುವುದು. ನಾನು ಮೊದಲಿನಿಂದಲೂ ಅಲ್ಲಿಂದಲೇ ಹೆಡಿಗೆ ತರುವುದು. ಸಗಣಿ ಹೊತ್ತರೂ, ಹಸಿ ಅಡಿಕೆ ಹೊತ್ತರೂ ಅಂಚು ಬಿಡುವುದಿಲ್ಲ.

ಹೆಣೆಯುವ ಆ ತಾಯಿಯನ್ನು ನಾನು ಅಕ್ಕ ಅನ್ನುವುದು. ಅಕ್ಕನಿಗೆ ಫೋನ್ ಕೊಟ್ಟೆ. ವೀಡಿಯೋ ನೋಡುವ ಮೊದಲು ಅವರ ಕಣ್ಣು ಹೋದದ್ದು ಅದರ ಹಿಂದಿನ ಫೋಟೋಗಳ ಕಡೆ. ಕ್ಯಾಸಲ್‌ಬಾರ್ ಹತ್ತಿರದ ಟರ್ಲೋ ಪಾರ್ಕ್‌ನಲ್ಲಿ 2001ರಲ್ಲಿ ಶುರುವಾದ ಒಂದು ಮ್ಯೂಸಿಯಂ ಇದೆ, ಐರ್ಲೆಂಡ್‌ನ ರಾಷ್ಟ್ರೀಯ ಮ್ಯೂಸಿಯಂನ ಹಳ್ಳಿ ಬದುಕಿನ ಶಾಖೆ. ಟಿಕೆಟ್ ಇಲ್ಲ. ನಮ್ಮ ಹುಡುಗಿ ರಜೆಯಲ್ಲಿ ಹೋಗಿ ಅಲ್ಲಿನ ಬುಟ್ಟಿಗಳ ಫೋಟೋ ಕಳಿಸಿದ್ದಳು. ಅಕ್ಕ ಒಂದು ಬುಟ್ಟಿಯನ್ನು ದೊಡ್ಡದು ಮಾಡಿ, ಅಡಿಯ ಹೆಣಿಗೆ ನೋಡಿ, "ಯಾವ ಬಳ್ಳಿ ಟೀಚರ್ ಇದು?" ಅಂತ ತುಳುವಿನಲ್ಲಿ ಕೇಳಿದರು. ಬಳ್ಳಿ ಅಲ್ಲ, ವಿಲೋ ಅನ್ನುವ ಗಿಡದ ಎಳೆ ಕೋಲು, ನೀರಿನ ಪಸೆ ಇರುವಲ್ಲಿ ಬೆಳೆಯುತ್ತದೆ ಅಂದೆ. "ಕೋಲಾದರೆ ಬಗ್ಗಿಸುವ ಮೊದಲು ನೆನೆಸಿರಬೇಕು" ಅಂದರು. ಹೌದು, ಅಲ್ಲೂ ನೆನೆಸಿಯೇ ಹೆಣೆಯುವುದು. ಫೋಟೋ ನೋಡಿಯೇ ಹೇಳಿಬಿಟ್ಟರು.

ಆಮೇಲೆ ವೀಡಿಯೋ. ಒಂದು ಸಲ ನೋಡಿ, ಪಕ್ಕದ ಹಿಡಿಸೂಡಿಯಿಂದ ನಾಲ್ಕಾರು ಕಡ್ಡಿ ಎಳೆದು, ಮುರಿದು, ನೂಲು ಸುತ್ತಿ, ಅಂಗೈಯಷ್ಟು ದೊಡ್ಡ ಗೂಡು ಮಾಡಿ ನನ್ನ ಎದುರು ಇಟ್ಟರು. ಅಷ್ಟರಲ್ಲಿ ಮಗ ಇನ್ನೂ ರೇಟು ಲೆಕ್ಕ ಹಾಕುತ್ತಿದ್ದ. ಎರಡಡಿ ಚೌಕದ ಗೂಡು, ಬಿದಿರಿನದ್ದು, 650 ರೂಪಾಯಿ ಅಂತ ಆಯಿತು. ಬೆತ್ತದ್ದು ಬೇಕಾದರೆ ಅದರ ಎರಡರಷ್ಟು. ಕೋಳಿಗೆ ಬೆತ್ತ ಯಾಕೆ, ಬಿದಿರೇ ಸಾಕು.

ಒಂದು ವಾರ ಅಂದವರು ಅದಕ್ಕಿಂತ ಜಾಸ್ತಿಯೇ ತೆಗೆದುಕೊಂಡರು. ಅದಕ್ಕೆ ನಾನು ಮಾರ್ಕ್ ಕಡಿಮೆ ಮಾಡುವುದಿಲ್ಲ, ಕೈಕೆಲಸ ಅಂದರೆ ಹಾಗೆಯೇ. ಕಡಿಮೆ ಮಾಡುವುದು ಸಿಕ್ಕಿದ ಮಾಲಿಗೆ. ಅಕ್ಕ ಊರಿನಲ್ಲಿ ಇಲ್ಲದ ಹೊತ್ತಿಗೆ ಮಗನೇ ಯಾರಿಂದಲೋ ಮಾಡಿಸಿ ಕೊಟ್ಟಿದ್ದ. ನೋಡಲು ಚಂದ, ವಾರ್ನಿಷ್ ಬೇರೆ. ಆದರೆ ಬಿದಿರು ಹಸಿ, ಹಗ್ಗ ನೀಲಿ ನೈಲಾನ್. ಈ ಗೂಡು ನಿಲ್ಲುವುದೇ ಹಗ್ಗದ ಬಿಗಿಯಲ್ಲಿ ಅಂತ ಮೇಲೆ ಹೇಳಿದೆ. ಹಸಿ ಬಿದಿರು ಒಣಗಿದಾಗ ಸೊರಗುತ್ತದೆ. ಕಡ್ಡಿ ಒಂದೊಂದೂ ಕೂದಲೆಳೆಯಷ್ಟು ಸಪೂರ ಆದರೂ ಹತ್ತು ಹನ್ನೆರಡು ಸುತ್ತು ಸೇರಿದಾಗ ಹಗ್ಗ ಸಡಿಲ. ನೈಲಾನ್‌ಗೆ ಬಿದಿರಿನ ಮೇಲೆ ಹಿಡಿತವೂ ಇಲ್ಲ, ಜಾರುತ್ತದೆ. ಅಂಗಳದಲ್ಲಿ ಇಟ್ಟು ಬಿಸಿಲು ತಾಗಿದ ಮೇಲೆ ಒಂದು ಬೆಳಿಗ್ಗೆ ನೆತ್ತಿ ಹಿಡಿದು ಎತ್ತಿದರೆ, ಮೇಲಿನ ನಾಲ್ಕು ಸುತ್ತು ಕೈಯಲ್ಲಿ, ಉಳಿದದ್ದು ದಡಬಡ ಅಂತ ನೆಲದ ಮೇಲೆ. ಹುಂಜ ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿತ್ತು.

ವಾಪಸ್ ತೆಗೆದುಕೊಂಡು ಹೋದೆ. "ಬಿಸಿಲಿಗೆ ಇಟ್ಟರೆ ಹೀಗೇ ಆಗುವುದು ಟೀಚರ್" ಅಂದ ಮಗ. ಅಂಗಳದಲ್ಲಿ ಇಡುವ ಸಾಮಾನನ್ನು ಬಿಸಿಲಿಗೆ ಇಡಬಾರದು ಅಂದರೆ ಕಪಾಟಿನಲ್ಲಿ ಇಟ್ಟು ಪೂಜೆ ಮಾಡಬೇಕಾ? ನಾನು ಹಾಗೇ ಕೇಳಿದೆ. ಒಳಗಿನಿಂದ ಅಕ್ಕ ಬಂದರು, ಗೂಡನ್ನು ತಿರುಗಿಸಿ ನೋಡಿದರು, ಮಗನ ಕಡೆ ನೋಡಿದರು. ಆಮೇಲೆ ತುಳುವಿನಲ್ಲಿ ಅವನಿಗೆ ಬಿದ್ದದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಸದು ಮಾಡಿಕೊಡುತ್ತೇನೆ ಅಂದರು, ಮಾಡಿಕೊಟ್ಟರು, ಮತ್ತೆ ದುಡ್ಡು ಕೇಳಲಿಲ್ಲ. ಆಟೋ ಬಾಡಿಗೆ ಮಾತ್ರ ನನ್ನ ತಲೆಗೇ.

ಆ ಎರಡನೆಯ ಗೂಡೇ ಅಸಲಿ ಮಾಲು. ಬಿದಿರು ಕೃಷ್ಣಪಕ್ಷದಲ್ಲಿ ಕಡಿದು, ತೋಡಿನ ನೀರಿನಲ್ಲಿ ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಿದ್ದಂತೆ. ಕೃಷ್ಣಪಕ್ಷದ ವಿಷಯ ನಂಬಿಕೆಯೋ ಏನೋ, ಆದರೆ ನೀರಿನಲ್ಲಿ ಇಟ್ಟರೆ ಬಿದಿರಿನ ಪಿಷ್ಟ ಕರಗಿ ಹೋಗುತ್ತದೆ, ಪಿಷ್ಟ ತಿನ್ನಲು ಬರುವ ಕುಟ್ಟೆ ಹುಳ ಬರುವುದು ಕಡಿಮೆಯಾಗುತ್ತದೆ. ಇದು ನಿಜ. ಹಗ್ಗ ತೆಂಗಿನ ನಾರಿನದ್ದು, ಒರಟು, ಬಿದಿರನ್ನು ಕಚ್ಚಿ ಹಿಡಿಯುತ್ತದೆ. ಕಡ್ಡಿಗಳ ತುದಿಯನ್ನು ಕತ್ತಿಯಿಂದ ಕೆತ್ತಿ ಉರುಟು ಮಾಡಿದ್ದಾರೆ, ಕೋಳಿ ಹೊರಳಿದರೆ ಕಣ್ಣಿಗೆ ಚುಚ್ಚದ ಹಾಗೆ. ಇದನ್ನು ನಾನು ಹೇಳಿರಲಿಲ್ಲ. ಇನ್ನೊಂದು ಬದಲಾವಣೆ, ಅಡಿಯ ಎರಡು ಕಡ್ಡಿಗಳ ಜಾಗದಲ್ಲಿ ಅಡಿಕೆ ಮರದ ದಬ್ಬೆ ಹಾಕಿದ್ದಾರೆ. ಐರ್ಲೆಂಡ್‌ನ ಅಜ್ಜ ಹಿಡಿಯುತ್ತಿದ್ದದ್ದು ನೂರು ಗ್ರಾಂ ಆಸುಪಾಸಿನ ಹಕ್ಕಿ, ಅದಕ್ಕೆ ಹಗುರದ ಹೇಝಲ್ ಕಡ್ಡಿ ಸಾಕು. ನಮ್ಮ ಹುಂಜ ಎರಡೂವರೆ ಕಿಲೋ. ಬರೀ ಬಿದಿರಾದರೆ ತಲೆಯ ಮೇಲೆ ಹೊತ್ತುಕೊಂಡೇ ತೋಟಕ್ಕೆ ನಡೆಯುತ್ತದೆ. ದಬ್ಬೆಯ ಭಾರದಿಂದ ಗೂಡು ಬಿದ್ದರೆ ಬಿದ್ದಲ್ಲೇ ಕೂರುತ್ತದೆ.

ಈಗ ಕವಲು ಕಡ್ಡಿಯ ವಿಷಯ. ಕ್ರಿಬ್ ತಾನಾಗಿ ಬೀಳಬೇಕಲ್ಲ, ಅದಕ್ಕೆ ಅಲ್ಲಿ ಒಂದು ಉಪಾಯ ಇದೆ. ಬಿಲ್ಲಿನ ಆಕಾರಕ್ಕೆ ಬಗ್ಗಿಸಿದ ಒಂದು ಕೋಲನ್ನು ಗೂಡಿನ ಒಳಗೆ, ಹಿಂದಿನ ಎರಡು ಮೂಲೆಗೆ ಕಟ್ಟಿರುತ್ತಾರೆ. ಅದರ ಡೊಂಕು ಮುಂದಕ್ಕೆ ಚಾಚಿರುತ್ತದೆ, ನೆಲದಿಂದ ಸ್ವಲ್ಪ ಮೇಲೆ. ಗೂಡಿನ ಮುಂದಿನ ಅಂಚನ್ನು ಎತ್ತಿ, ಆ ಅಂಚಿಗೂ ಬಿಲ್ಲಿಗೂ ನಡುವೆ ಕವಲು ಕಡ್ಡಿ ಕೊಟ್ಟು ನಿಲ್ಲಿಸುವುದು. ಹಕ್ಕಿ ಕಾಳಿನ ಆಸೆಗೆ ಒಳಗೆ ಬರುತ್ತದೆ, ಬಿಲ್ಲಿನ ಮೇಲೆ ಕಾಲಿಡುತ್ತದೆ, ಕವಲು ಜಾರುತ್ತದೆ, ಗೂಡು ಬೀಳುತ್ತದೆ. ಹಕ್ಕಿಗೆ ಪೆಟ್ಟಿಲ್ಲ. ಅಕ್ಕ ಇದನ್ನೂ ಹಾಗೇ ಮಾಡಿಕೊಟ್ಟಿದ್ದರು, ಪೇರಳೆ ಮರದ ಚಂದದ ಕವಲು.

ಚಂದ ಇದ್ದು ಏನು ಪ್ರಯೋಜನ. ಕೋಳಿ ತಿನ್ನುವುದಕ್ಕೂ ಮೊದಲು ಕೆದಕುತ್ತದೆ. ಎದುರಿಗೇ ಅಕ್ಕಿ ಇದ್ದರೂ ಕೆದಕುತ್ತದೆ, ಅದರ ಹುಟ್ಟುಗುಣ. ಗೂಡಿನ ಬಾಯಲ್ಲಿ ನಿಂತು ಎರಡು ಸಲ ಹಿಂದಕ್ಕೆ ಕಾಲು ಝಾಡಿಸಿದರೆ ಮಣ್ಣು, ನುಚ್ಚು, ಕವಲು ಕಡ್ಡಿ ಎಲ್ಲ ಒಟ್ಟಿಗೆ ಹಾರುತ್ತವೆ. ಗೂಡು ಬೀಳುತ್ತದೆ, ಕೋಳಿ ಹೊರಗೆ. ಆಮೇಲೆ ಅವತ್ತಿಡೀ ಹತ್ತಿರ ಬರುವುದಿಲ್ಲ. ಕವಲನ್ನು ಗಟ್ಟಿಯಾಗಿ ನಿಲ್ಲಿಸಿದರೆ ಒಳಗೆ ಹೋಗಿ ಹೊಟ್ಟೆ ತುಂಬ ತಿಂದು ಬರುತ್ತದೆ, ಗೂಡು ನಿಂತೇ ಇರುತ್ತದೆ. ನಡುವಿನ ಹದ ಸಿಗುವುದೇ ಇಲ್ಲ.

ಇನ್ನೂ ದೊಡ್ಡ ತೊಂದರೆ, ಕವಲು ಕಡ್ಡಿಗೆ ಯಾರು ಬಂದರು ಅಂತ ಗೊತ್ತಾಗುವುದಿಲ್ಲ. ಒಂದು ದಿನ ಗೂಡು ಬಿದ್ದ ಶಬ್ದ ಕೇಳಿ ಓಡಿ ಹೋದರೆ ಒಳಗೆ ಹುಂಡುಕೋಳಿ. ತೋಡಿನ ಬದಿಯಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬಿಳಿ ಎದೆಯ ಹಕ್ಕಿ ಇದೆಯಲ್ಲ, ಅದೇ. ಕೂಡಲೇ ಎತ್ತಿ ಬಿಟ್ಟೆ, ಕೆಸುವಿನ ಎಲೆಗಳ ನಡುವೆ ನುಗ್ಗಿ ಮಾಯ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಹಾಗೆ ಮಾಡಲು ನೋಡುವುದು ಕೂಡ ಬೇಟೆಯೇ. ಕಾಡುಕೋಳಿ, ನವಿಲು ಅಂತೂ ಕೇಳುವುದೇ ಬೇಡ. ನವಿಲುಗಳು ಈಗ ತರಕಾರಿ ಸಾಲಿನಲ್ಲಿ ಮನೆಯವರ ಹಾಗೆಯೇ ಓಡಾಡುತ್ತವೆ, ಅಲಸಂಡೆ ಮೊಳಕೆ ಒಂದೂ ಉಳಿಸುವುದಿಲ್ಲ, ಆದರೂ ಕೈ ಮುಗಿದು ಓಡಿಸುವುದಷ್ಟೇ ನಮ್ಮ ಪಾಲಿಗೆ.

ಐರ್ಲೆಂಡ್‌ನಲ್ಲೂ ಈಗ ಕ್ರಿಬ್ ಇಟ್ಟು ಕಾಡಿನ ಹಕ್ಕಿ ಹಿಡಿಯುವ ಹಾಗಿಲ್ಲ. 1976ರಲ್ಲಿ ಅಲ್ಲಿ ವನ್ಯಜೀವಿ ಕಾನೂನು ಬಂತು. 1979ರಲ್ಲಿ ಆಗಿನ ಯುರೋಪಿಯನ್ ಸಮುದಾಯದ ದೇಶಗಳಿಗೆಲ್ಲ ಸೇರಿಸಿ ಹಕ್ಕಿಗಳ ರಕ್ಷಣೆಯ ಕಾನೂನು ಬಂತು, ಅದರಲ್ಲಿ ಉರುಳು, ಅಂಟು, ಬಲೆ, ಬೋನು ಇವನ್ನೆಲ್ಲ ಬೇಡ ಅನ್ನಲು ಒಂದು ಕಾರಣ, ಅವು ಬೇಕಾದ ಹಕ್ಕಿ ಯಾವುದು, ಬೇಡದ್ದು ಯಾವುದು ಅಂತ ನೋಡುವುದಿಲ್ಲ. ನನ್ನ ಅಂಗಳದ ಹುಂಡುಕೋಳಿಯೇ ಅದಕ್ಕೆ ಸಾಕ್ಷಿ.

ಅಂಟು ಅಂದಾಗ ನೆನಪಾಯಿತು. ಅಲ್ಲಿ ಹಾಲಿ ಅಂತ ಒಂದು ಮುಳ್ಳೆಲೆಯ ಮರ, ಕ್ರಿಸ್ಮಸ್ ಕಾರ್ಡ್‌ಗಳಲ್ಲಿ ಕೆಂಪು ಹಣ್ಣಿನ ಜೊತೆ ಇರುತ್ತದಲ್ಲ, ಅದರ ತೊಗಟೆ ಬೇಯಿಸಿ, ಕೊಳೆಸಿ, ಜಜ್ಜಿ ಅಂಟು ಮಾಡುತ್ತಿದ್ದರು. ಕೊಂಬೆಗೆ ಹಚ್ಚಿಟ್ಟರೆ ಹಕ್ಕಿಯ ಕಾಲು ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಅದಕ್ಕೆ ಹಲಸಿನ ಮೇಣ ಇತ್ತು, ಬೇಯಿಸುವ ಕೆಲಸವೂ ಇಲ್ಲ. ಅಲ್ಲಿ ಕುದುರೆ ಬಾಲದ ಕೂದಲಿನ ಉರುಳೂ ಇತ್ತು. ಅಂಟಿಗೆ ಸಿಕ್ಕಿದ ಹಕ್ಕಿಯ ಗರಿ ಹಾಳು, ಉರುಳಿಗೆ ಸಿಕ್ಕಿದ್ದರ ಕಾಲು ಹಾಳು. ಇವುಗಳ ಜೊತೆ ಇಟ್ಟು ನೋಡಿದರೆ ಕ್ರಿಬ್ ಒಂದೇ ಮರ್ಯಾದೆಯ ಸಾಮಾನು: ಹಿಡಿದ ಮೇಲೂ ಬಿಟ್ಟುಬಿಡುವ ಅವಕಾಶ ನಿಮಗೆ ಇರುತ್ತದೆ. ಕೋಳಿಗೂ ಅದಕ್ಕೇ ಇದು ಸರಿ. ಲಸಿಕೆ ಕೊಟ್ಟು ಮತ್ತೆ ಬಿಡಬೇಕಾದ ಕೋಳಿಗೆ ಕಾಲು ಮುರಿದರೆ ಏನು ಬಂತು?

ಹಾಗಾಗಿ ನಾನು ಮಾಡಿದ್ದು ಇಷ್ಟು. ಬಿಲ್ಲು ಬಿಚ್ಚಿದೆ, ಕವಲು ತೆಗೆದೆ. ಒಂದು ನೇರ ಕೋಲು ಕೊಟ್ಟು ಗೂಡನ್ನು ಎತ್ತಿ ನಿಲ್ಲಿಸಿ, ಕೋಲಿನ ಬುಡಕ್ಕೆ ಹಗ್ಗ ಕಟ್ಟಿ ಜಗಲಿಯವರೆಗೆ ತಂದೆ. ಇದೂ ನನ್ನ ಉಪಾಯ ಅಲ್ಲ, ಐರ್ಲೆಂಡ್‌ನ ಮಕ್ಕಳು ಧಾನ್ಯ ಜರಡಿ ಹಿಡಿಯುವ ದೊಡ್ಡ ಜರಡಿಯನ್ನು ಹೀಗೇ ಕೋಲು ಕೊಟ್ಟು ನಿಲ್ಲಿಸಿ ದಾರ ಎಳೆಯುತ್ತಿದ್ದರು. ಅಲ್ಲಿ ಜರಡಿ, ಇಲ್ಲಿ ಕ್ರಿಬ್, ಎರಡನ್ನೂ ಸೇರಿಸಿದೆ ಅಷ್ಟೇ.

ಕೆಲಸ ಮಾಡುತ್ತದಾ? ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಆದರೆ ಲಸಿಕೆಯ ದಿನ ಬೆಳಿಗ್ಗೆ ಗೂಡು ತಂದಿಟ್ಟು ಕೋಳಿ ಬರಲಿ ಅಂದರೆ ಬರುವುದಿಲ್ಲ. ಮೊದಲು ಕೆಲವು ದಿನ ಗೂಡನ್ನು ಎತ್ತಿಯೇ ಇಟ್ಟು ಅದರ ಕೆಳಗೇ ತಿನ್ನಲು ಹಾಕಿ. ನಿಮ್ಮ ಅಂಗಳದ ಸಾಮಾನು ಅದು ಅಂತ ಅವಕ್ಕೆ ಅನಿಸಬೇಕು. ನುಚ್ಚಿಗಿಂತ ಗೆದ್ದಲು ಒಳ್ಳೆಯದು. ಹುತ್ತದ ಒಂದು ಹೆಂಟೆ ತಂದು ಒಡೆದು ಹಾಕಿದರೆ ಎಷ್ಟೇ ಸಂಶಯದ ಹೇಂಟೆಯಾದರೂ ತಲೆ ತಗ್ಗಿಸಿ ಬರುತ್ತದೆ. ಎಳೆಯಬೇಕಾದದ್ದು ಬೆಳ್ಳಂಬೆಳಗ್ಗೆ, ಮರದಿಂದ ಇಳಿದ ಕೂಡಲೇ, ಹೊಟ್ಟೆ ಖಾಲಿ ಇರುವಾಗ. ಐರ್ಲೆಂಡ್‌ನವರಿಗೆ ಹಿಮ ಮಾಡಿಕೊಡುತ್ತಿದ್ದ ಕೆಲಸವನ್ನು ನಮಗೆ ಬೆಳಗಿನ ಹಸಿವು ಮಾಡಿಕೊಡುತ್ತದೆ. ಎರಡೋ ಮೂರೋ ಒಳಗೆ ಹೋಗುವವರೆಗೆ ಕಾಯಿರಿ, ಮೈನಾ ಬಂದರೆ ಬಿಡಿ, ಹುಂಡುಕೋಳಿ ಬಂದರೆ ಬಿಡಿ, ನಿಮ್ಮವೇ ಅಂತ ಆದಾಗ ಎಳೆಯಿರಿ. ಗೂಡು ಬಿದ್ದ ಕೂಡಲೇ ಮೇಲಿಂದ ಒಂದು ಬೈರಾಸು, ಅಂದರೆ ಟವೆಲ್, ಹೊದೆಸಿ. ಕತ್ತಲಾದರೆ ಕೋಳಿ ಸುಮ್ಮನಾಗುತ್ತದೆ. ಆಮೇಲೆ ಒಂದು ಬದಿ ಒಂದು ಗೇಣು ಎತ್ತಿ ಕೈ ಹಾಕಿ ಕಾಲು ಹಿಡಿಯುವುದು.

ಬೈರಾಸು ಹೊದೆಸದೆ ಬಿಟ್ಟರೆ ಕಡ್ಡಿಗಳ ಸಂದಿಯಲ್ಲಿ ತಲೆ ತೂರಿಸಿ ಜುಟ್ಟು ಗೀರಿಕೊಳ್ಳುತ್ತವೆ. ಗೂಡಿನ ಸಂದಿ ಒಂದೂವರೆ ಇಂಚು ಇದೆ, ನನ್ನ ಪ್ರಕಾರ ಸ್ವಲ್ಪ ಜಾಸ್ತಿಯಾಯಿತು. ಸಣ್ಣ ಮರಿಗಳು ಆರಾಮವಾಗಿ ಹೊರಗೆ ಬರುತ್ತವೆ. ಮರಿಗಳನ್ನು ಹಿಡಿಯಬೇಕಾದವರು ಒಂದು ಇಂಚು ಅಂತ ಹೇಳಿ ಮಾಡಿಸಿಕೊಳ್ಳಿ.

ಬೇರೆ ದಾರಿ ಇಲ್ಲವಾ ಅಂದರೆ ಇದೆ. ಮೀನಿನ ಬಲೆ ಬೀಸಿ ಹಿಡಿಯುವವರಿದ್ದಾರೆ, ಹಿಡಿಯುವುದು ಸುಲಭ, ಬಿಡಿಸುವುದು ಅರ್ಧ ಗಂಟೆಯ ಕೆಲಸ, ಉಗುರು ಕಿತ್ತು ಬರುವುದೂ ಇದೆ. ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಬೋನಿಗೆ ದುಡ್ಡು ಜಾಸ್ತಿ, ನಮ್ಮ ಮಳೆಗೆ ತುಕ್ಕು ಗ್ಯಾರಂಟಿ, ಬಾಗಿಲು ಬಿದ್ದಾಗ ಬಾಲ ಸಿಕ್ಕಿಕೊಳ್ಳುತ್ತದೆ. ಕೋಳಿ ಮುಚ್ಚುವ ಹಳೆಯ ಬುಟ್ಟಿ ಎಲ್ಲರ ಮನೆಯಲ್ಲೂ ಇದೆ. ಆದರೆ ಅದು ಹಿಡಿದ ಕೋಳಿಯನ್ನು ಮುಚ್ಚಿಡಲು, ಹಿಡಿಯಲು ಅಲ್ಲ. ಕೋಲು ಕೊಟ್ಟು ನಿಲ್ಲಿಸಿದರೆ ಬುಟ್ಟಿ ಉರುಟಾಗಿರುವುದರಿಂದ ಗಾಳಿಗೆ ಹೊರಳುತ್ತದೆ. ಚೌಕದ ಗೂಡು ನಿಂತಲ್ಲೇ ನಿಲ್ಲುತ್ತದೆ.

ನಾನು ಅಂಗಡಿಯಲ್ಲಿ ಇದ್ದಾಗಲೇ ಒಬ್ಬರು ಬಂದು, "ಇದರದ್ದೇ ಚಿಕ್ಕದು ಒಂದು ಮಾಡಿಕೊಡಿ, ಕವಲು ಕಡ್ಡಿ ಸಮೇತ, ಗುಡ್ಡೆ ಬದಿಯಲ್ಲಿ ಇಡಲಿಕ್ಕೆ" ಅಂದರು. ಗುಡ್ಡೆ ಬದಿಯಲ್ಲಿ ಏನು ಹಿಡಿಯಲು ಅಂತ ಎಲ್ಲರಿಗೂ ಗೊತ್ತು. ಅಕ್ಕ ತಲೆ ಎತ್ತದೆ, "ಗುಡ್ಡೆಗೆ ಬೇಕಾದರೆ ಫಾರೆಸ್ಟ್‌ನವರ ಹತ್ತಿರ ಕಾಗದ ತನ್ನಿ ಅಣ್ಣ, ಅವರು ಕೊಟ್ಟರೆ ನಾನೂ ಕೊಡುತ್ತೇನೆ" ಅಂದರು. ಅಣ್ಣ ಒಂದು ಹಿಡಿಸೂಡಿ ತೆಗೆದುಕೊಂಡು ಹೋದರು.

ಗೂಡಿಗೆ ಐದಕ್ಕೆ ನಾಲ್ಕೂವರೆ, ಅಕ್ಕನ ಕೆಲಸಕ್ಕೆ ಐದು. ಮೊದಲು ಕೊಟ್ಟ ಮಾಲಿಗೆ ಒಂದು, ಅದೂ ವಾರ್ನಿಷ್ ಚಂದ ಇತ್ತು ಅಂತ.

ಬೇಕಾದವರು ಬೇಸಿಗೆಯಲ್ಲೇ ಆರ್ಡರ್ ಕೊಡಿ. ಜೂನ್ ಆದ ಮೇಲೆ ಬಿದಿರು ಒಣಗುವುದಿಲ್ಲ, ಒಣಗಿಸಿದ್ದಕ್ಕೂ ಬೂಷ್ಟು ಬರುತ್ತದೆ. ಅಂಗಡಿಗೆ ಹೋದಾಗ ಮಗ ಮಾತ್ರ ಇದ್ದರೆ ಒಂದು ಚಾ ಕುಡಿದು ಕಾದಾದರೂ ಅಕ್ಕನ ಹತ್ತಿರವೇ ಮಾತಾಡಿ. ಒಣ ಬಿದಿರು, ಅಡಿಗೆ ದಬ್ಬೆ, ನಾರಿನ ಹಗ್ಗ. ನೈಲಾನ್ ಬೇಡ ಅಂತ ಎರಡು ಸಲ ಹೇಳಿ.